ಪಾಳಿಯ ದುಡಿಮೆ ಮತ್ತು ಸಕ್ಕರೆ ಕಾಯಿಲೆಯ ದಿನಚರಿ

ಮಧುಮೇಹದ ಆರೈಕೆ ಬಹುಪಾಲು ನಡೆಯುವುದು ಆಸ್ಪತ್ರೆಯ ಹೊರಗೆ. ಕೆಲವು ತಿಂಗಳಿಗೊಮ್ಮೆ ವೈದ್ಯರ ಮುಂದೆ ಕೂರುವ ಹತ್ತು ನಿಮಿಷ ಬಿಟ್ಟರೆ ಊಟ, ನಡಿಗೆ, ನಿದ್ದೆ, ಮಾತ್ರೆ, ಪಾದ, ಪರೀಕ್ಷೆ ಎಲ್ಲವನ್ನೂ ರೋಗಿಯೇ ನೋಡಿಕೊಳ್ಳಬೇಕು. ಹೀಗೆ ನೋಡಿಕೊಳ್ಳುವ ಬಗೆಯನ್ನು ಹೇಳಿಕೊಡುವ ಕೈಪಿಡಿಗಳೆಲ್ಲ ಬೆಳಿಗ್ಗೆ ಆರಕ್ಕೆ ಎದ್ದು, ಎಂಟಕ್ಕೆ ಮನೆಯ ತಿಂಡಿ ತಿಂದು, ರಾತ್ರಿ ಹತ್ತಕ್ಕೆ ಮಲಗುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿರುತ್ತವೆ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಅಸಂಖ್ಯ ಜನರ ದಿನ ಹಾಗೆ ಸಾಗುವುದಿಲ್ಲ. ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ತಿಂಡಿ ಕಾರ್ಖಾನೆಯ ಗೇಟಿನ ಎದುರಿನ ತಳ್ಳುಗಾಡಿಯದು, ಊಟ ಕ್ಯಾಂಟೀನಿನದು ಅಥವಾ ಪಿಜಿಯದು, ನಿದ್ದೆ ಹಗಲಿನದು. ಅಕ್ಕಿ ಕಡಿಮೆ ಮಾಡಬೇಕು, ನಡೆಯಬೇಕು ಎಂಬುದು ಇವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿರುವುದನ್ನು ಪಾಳಿಯ ದಿನಕ್ಕೆ ಹೊಂದಿಸಿಕೊಳ್ಳುವುದು ಹೇಗೆಂದು ಹೇಳುವವರೇ ಕಡಿಮೆ.

ಈ ಮೂರೂ ಪ್ರದೇಶಗಳು ಬೆಂಗಳೂರಿನ ಅಂಚಿನಲ್ಲಿ ಬೇರೆ ಬೇರೆ ಕಾಲಕ್ಕೆ ಬೆಳೆದವು. ಸಣ್ಣ ಕೈಗಾರಿಕೆಗಳಿಗೆಂದು 1970ರ ದಶಕದಲ್ಲಿ ರೂಪುಗೊಂಡ ಪೀಣ್ಯದಲ್ಲಿ ಲೇತ್, ಪ್ರೆಸ್, ಪ್ಲೇಟಿಂಗ್ ಘಟಕಗಳ ಜೊತೆಗೆ ಸಾವಿರಾರು ಹೆಣ್ಣುಮಕ್ಕಳು ದುಡಿಯುವ ಗಾರ್ಮೆಂಟ್ಸ್‌ಗಳಿವೆ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್ 1990ರ ದಶಕದ ಐಟಿಪಿಎಲ್ ಟೆಕ್ ಪಾರ್ಕಿನ ನಂತರ ಇಂದಿನ ರೂಪಕ್ಕೆ ಬಂತು. ಮಾಲೂರು, ಬಂಗಾರಪೇಟೆಗಳಿಂದ ರೈಲಿನಲ್ಲಿ ವೈಟ್‌ಫೀಲ್ಡಿಗೆ, ನೆಲಮಂಗಲ, ತುಮಕೂರುಗಳಿಂದ ಪೀಣ್ಯಕ್ಕೆ, ಆನೇಕಲ್, ಅತ್ತಿಬೆಲೆ, ಹೊಸೂರುಗಳಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಜನ ಬಂದು ಹೋಗುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದವರು, ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರು ಅಲ್ಲಲ್ಲೇ ಶೀಟಿನ ಮನೆಗಳಲ್ಲಿ, ಹಂಚಿಕೊಂಡ ಕೋಣೆಗಳಲ್ಲಿ ನೆಲೆಸಿದ್ದಾರೆ. ಊರಲ್ಲಿ ಖಡಕ್ ರೊಟ್ಟಿ, ಕಾಳುಪಲ್ಯ ಉಣ್ಣುತ್ತಿದ್ದವರ ತಟ್ಟೆಗೆ ಇಲ್ಲಿ ಮೂರು ಹೊತ್ತೂ ಅನ್ನವೇ ಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಮಧುಮೇಹದ ಪ್ರಮಾಣ ಶೇ. 11.4. ನಗರಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಹಳ್ಳಿಯಿಂದ ನಗರದ ಅಂಚಿಗೆ ಬಂದು ಕೂತ ದೇಹ ಈ ಎರಡು ಅಂಕಿಗಳ ನಡುವಿನ ದಾರಿಯನ್ನು ಕೆಲವೇ ವರ್ಷಗಳಲ್ಲಿ ಸವೆಸುತ್ತದೆ. ಭಾರತೀಯರಿಗೆ ಈ ಕಾಯಿಲೆ ಯುರೋಪಿನವರಿಗಿಂತ ಸುಮಾರು ಹತ್ತು ವರ್ಷ ಮೊದಲೇ, ಅದೂ ಹೆಚ್ಚು ದಪ್ಪವಾಗದೆಯೇ ಬರುತ್ತದೆ. ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ದೇಹದ ಅಳತೆಯನ್ನೇ ಪ್ರಕಟಿಸಿ ಇದನ್ನು ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ ಇಬ್ಬರದೂ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಆದ್ದರಿಂದ ತಾನು ಸಣಕಲು, ತನಗೆಲ್ಲಿಯ ಶುಗರ್ ಎಂದು ಯಾರೂ ನಿಶ್ಚಿಂತರಾಗಿರುವಂತಿಲ್ಲ. ನಮ್ಮವರಲ್ಲಿ ತೂಕದ ಸೂಚಿ 23 ದಾಟಿದರೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು, ಗ್ಲೂಕೋಸ್ ನೀರು ಕುಡಿದ ಎರಡು ಗಂಟೆಯ ಮೇಲೆ 200 ಅಥವಾ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಶೇ. 6.5 ಅಥವಾ ಹೆಚ್ಚು ಇದ್ದರೆ ಅದು ಮಧುಮೇಹ. ಲಕ್ಷಣಗಳಿಲ್ಲದವರಲ್ಲಿ ಇದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಪಾಳಿಯವರಿಗೆ ಇಲ್ಲೊಂದು ತೊಡಕಿದೆ. ರಾತ್ರಿ ಎರಡಕ್ಕೆ ಕ್ಯಾಂಟೀನಿನಲ್ಲಿ ಉಂಡು ಬೆಳಿಗ್ಗೆ ಏಳಕ್ಕೆ ಪಾಳಿ ಮುಗಿಸಿ ಲ್ಯಾಬಿಗೆ ಹೋದವರ ರಕ್ತ ಖಾಲಿ ಹೊಟ್ಟೆಯದಲ್ಲ. ಆ ಚೀಟಿಯ ಮೇಲೆ ಖಾಲಿ ಹೊಟ್ಟೆ ಎಂದೇ ಬರೆದಿದ್ದರೆ ಔಷಧಿಯ ಲೆಕ್ಕವೇ ತಪ್ಪುತ್ತದೆ. ಕೊನೆಯ ತುತ್ತು ಎಷ್ಟು ಗಂಟೆಗೆ ಎಂದು ಹೇಳಿಯೇ ರಕ್ತ ಕೊಡಬೇಕು. ಎಚ್‌ಬಿಎ1ಸಿಗೆ ಹೊತ್ತಿನ ಹಂಗಿಲ್ಲದ್ದರಿಂದ ಪಾಳಿಯವರಿಗೆ ಅದೇ ಅನುಕೂಲ. ಆದರೆ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇರುವವರಲ್ಲಿ ಆ ಅಂಕಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳ ಎಚ್‌ಬಿಎ1ಸಿಯನ್ನು ಅವರ ಹಿಮೋಗ್ಲೋಬಿನ್ ಪಕ್ಕದಲ್ಲಿಟ್ಟೇ ಓದಬೇಕು.

ರಾತ್ರಿ ಪಾಳಿ ನಿದ್ದೆಯನ್ನು ಮಾತ್ರ ಕೆಡಿಸುವುದಿಲ್ಲ. ಮೇದೋಜೀರಕ ಗ್ರಂಥಿಗೂ ಯಕೃತ್ತಿಗೂ ಸ್ನಾಯುಗಳಿಗೂ ಅವುಗಳದೇ ಆದ ಹಗಲು ರಾತ್ರಿಗಳಿವೆ. ಕತ್ತಲಾದ ಮೇಲೆ ಏರುವ ಮೆಲಟೋನಿನ್ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುತ್ತದೆ. ಹೀಗಾಗಿ ಮಧ್ಯಾಹ್ನ ಉಂಡ ಅದೇ ಅನ್ನ ಸಾಂಬಾರನ್ನು ನಡುರಾತ್ರಿ ಉಂಡರೆ ಸಕ್ಕರೆ ಹೆಚ್ಚು ಏರುತ್ತದೆ, ಇಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ನಿದ್ದೆ ಕಡಿಮೆಯಾದಾಗ ಇನ್ಸುಲಿನ್ನಿಗೆ ಮೈ ಸ್ಪಂದಿಸುವುದೂ ಕುಂದುತ್ತದೆ, ಹಸಿವು ಹೆಚ್ಚುತ್ತದೆ. ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವರಲ್ಲಿ ಎರಡನೇ ಬಗೆಯ ಮಧುಮೇಹ ಹೆಚ್ಚೆಂಬುದು ಹಲವು ದೇಶಗಳ ಅಧ್ಯಯನಗಳಿಂದ ಗೊತ್ತಾಗಿದೆ. ಅಮೆರಿಕದ ಹಗಲಿಗೆ ಬೆಂಗಳೂರಿನ ರಾತ್ರಿಯಲ್ಲಿ ದುಡಿಯುವ ವೈಟ್‌ಫೀಲ್ಡಿನ ಕಾಲ್ ಸೆಂಟರಿಗೂ ಪೀಣ್ಯದ ಮೂರನೇ ಪಾಳಿಯ ಪ್ರೆಸ್ಸಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಪಾಳಿಯನ್ನು ಬಿಡುವ ಸ್ವಾತಂತ್ರ್ಯ ಹೆಚ್ಚಿನವರಿಗೆ ಇಲ್ಲದಿರುವಾಗ ಊಟವನ್ನಾದರೂ ಸರಿಸಿಕೊಳ್ಳಬಹುದು. ದಿನದ ದೊಡ್ಡ ಊಟವನ್ನು ಕೆಲಸಕ್ಕೆ ಹೊರಡುವ ಮುನ್ನ, ಸಂಜೆ ಏಳು ಎಂಟರೊಳಗೆ ಮುಗಿಸುವುದು ಮೇಲು. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಹಸಿವಾದರೆ ಬೇಯಿಸಿದ ಕಡಲೆ, ಮೊಟ್ಟೆ, ಒಂದು ಹಿಡಿ ಕಡಲೆಕಾಯಿ, ಮಜ್ಜಿಗೆ, ಸೌತೆಕಾಯಿ ಸಾಕು. ಬೆಳಿಗ್ಗೆ ಮನೆಗೆ ಬಂದು ಹೊಟ್ಟೆ ಬಿರಿಯ ತಿಂದು ಮಲಗುವುದಕ್ಕಿಂತ ಹಗುರಾಗಿ ತಿಂದು ಮಲಗಬೇಕು. ಕಿಟಕಿಗೆ ದಪ್ಪ ಪರದೆ, ಕಣ್ಣಿಗೆ ಬಟ್ಟೆ, ಫೋನು ಬೇರೆ ಕೋಣೆಗೆ, ಇವು ಅಗ್ಗದ ಉಪಾಯಗಳು, ಕೆಲಸ ಮಾಡುತ್ತವೆ. ಒಂದೇ ಕೋಣೆಯ ಮನೆಯಲ್ಲಿ ಮಕ್ಕಳ ಗಲಾಟೆಯ ನಡುವೆ ಹಗಲು ನಿದ್ದೆ ಮಾಡುವ ತಾಯಿಗೆ ಇವು ಸಾಲುವುದಿಲ್ಲ. ಆಕೆಯ ನಿದ್ದೆಯನ್ನು ಮನೆಯವರೆಲ್ಲ ಸೇರಿ ಕಾಯಬೇಕು, ಅದು ಔಷಧಿಯಷ್ಟೇ ಮುಖ್ಯ.

ಮಾತ್ರೆಯ ಹೊತ್ತೂ ಪಾಳಿಯೊಂದಿಗೆ ಬದಲಾಗಬೇಕು, ಆದರೆ ಎಲ್ಲ ಔಷಧಿಗೂ ಒಂದೇ ನಿಯಮವಿಲ್ಲ. ಗ್ಲಿಮೆಪಿರೈಡಿನಂಥ ಮಾತ್ರೆಗಳು ಮತ್ತು ಊಟಕ್ಕೆ ಮುನ್ನ ಚುಚ್ಚುವ ಇನ್ಸುಲಿನ್ ಊಟವನ್ನು ಹಿಂಬಾಲಿಸುತ್ತವೆ. ಊಟ ತಪ್ಪಿಸಿ ಅವನ್ನು ತೆಗೆದುಕೊಂಡರೆ ಸಕ್ಕರೆ ಕುಸಿಯುವ ಅಪಾಯವಿದೆ. ದೀರ್ಘಕಾಲದ ಇನ್ಸುಲಿನ್ ಗಡಿಯಾರವನ್ನು ಹಿಂಬಾಲಿಸುತ್ತದೆ, ಪಾಳಿ ಯಾವುದಾದರೂ ದಿನವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೀಳಬೇಕು. ಮೆಟ್‌ಫಾರ್ಮಿನ್ ಊಟದ ಜೊತೆಗೆ ಹೋದರೆ ಹೊಟ್ಟೆ ತೊಳಸುವುದು ಕಡಿಮೆ. ವೈದ್ಯರು ಚೀಟಿಯಲ್ಲಿ 1–0–1 ಎಂದು ಬರೆದುಕೊಟ್ಟಾಗ ರಾತ್ರಿ ಪಾಳಿಯ ವಾರದಲ್ಲಿ ಆ ಮೊದಲ ಒಂದು ಯಾವ ಊಟದ್ದು, ಕೊನೆಯ ಒಂದು ಯಾವ ಊಟದ್ದು ಎಂದು ಕೇಳಿಕೊಳ್ಳಲೇಬೇಕು. ತಾನು ಪಾಳಿಯಲ್ಲಿ ದುಡಿಯುವವನೆಂದು ರೋಗಿ ಹೇಳದೆ, ವೈದ್ಯರು ಕೇಳದೆ ನಡೆಯುವ ಚಿಕಿತ್ಸೆ ಅರ್ಧ ಚಿಕಿತ್ಸೆ.

ಊಟದ ಮಾತಿನಲ್ಲಿ ಮೊದಲು ಎದುರಾಗುವುದು ರಾಗಿ. ಶುಗರ್ ಬಂತೆಂದರೆ ಅನ್ನ ಬಿಟ್ಟು ಮುದ್ದೆಗೆ ಇಳಿಯುವುದು ಹಳೆ ಮೈಸೂರಿನ ಮನೆಮನೆಯ ರೂಢಿ. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದಂಶವಿದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಆದರೂ ಅದು ಧಾನ್ಯವೇ, ಅದರ ಬಹುಪಾಲು ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ಉಂಡು ಮೇಲೆ ಅನ್ನವನ್ನೂ ಉಂಡರೆ ಸಕ್ಕರೆ ಇಳಿಯುವುದಿಲ್ಲ. ಹಾಲು ಬೆಲ್ಲ ಹಾಕಿದ ರಾಗಿ ಗಂಜಿ ಇನ್ನೂ ಬೇಗ ಏರಿಸುತ್ತದೆ. ಮೇಲೆ ಹೇಳಿದ ದೇಶವ್ಯಾಪಿ ಸಮೀಕ್ಷೆಯ ಆಹಾರದ ಅಂಕಿಗಳು 2025ರಲ್ಲಿ ಪ್ರಕಟವಾದಾಗ ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62 ಪಾಲು ಪಿಷ್ಟ ಸಕ್ಕರೆಗಳಿಂದ ಬರುವುದು ಕಂಡಿತು. ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲ, ಧಾನ್ಯದ ಒಟ್ಟು ಪಾಲು ಇಳಿದು ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರು, ಮೊಟ್ಟೆ ಮೀನಿನಂಥ ಪ್ರೋಟೀನ್ ಬಂದರೆ ತಗ್ಗುತ್ತದೆ ಎಂಬ ಸೂಚನೆಯನ್ನೂ ಅದೇ ಅಧ್ಯಯನ ಕೊಟ್ಟಿತು.

ಹಾಗೆಂದು ಮುದ್ದೆಯನ್ನು ದೂರಬೇಕಿಲ್ಲ. ಮುದ್ದೆಯ ಜೊತೆಗೆ ಹಿಂದಿನವರು ಉಣ್ಣುತ್ತಿದ್ದುದು ಬಸ್ಸಾರು, ಉಪ್ಪೆಸರು, ಮೊಳಕೆ ಹುರುಳಿ ಸಾರು, ಸೊಪ್ಪಿನ ಪಲ್ಯ. ಆ ಊಟದ ನಿಜವಾದ ಬಲ ಅಲ್ಲಿತ್ತು. ಈಗ ಮುದ್ದೆ ಉಳಿದುಕೊಂಡು ಕಾಳು ಸೊಪ್ಪು ಸಣ್ಣ ಬಟ್ಟಲಿಗೆ ಇಳಿದಿವೆ. ತಟ್ಟೆಯ ಅರ್ಧ ಪಲ್ಯ ಸೊಪ್ಪು ಕೋಸಂಬರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ ಮಾಂಸ, ಇನ್ನುಳಿದ ಕಾಲಿನಲ್ಲಿ ಅನ್ನವೋ ಮುದ್ದೆಯೋ ಚಪಾತಿಯೋ ಯಾವುದಾದರೂ ಒಂದು. ಪಲ್ಯ ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಅದೇ ಊಟದಿಂದ ಸಕ್ಕರೆ ಏರುವುದು ಕಡಿಮೆಯಾಗುತ್ತದೆ. ಇದಕ್ಕೆ ಬೇರೆ ಅಡುಗೆಯೂ ಬೇಡ, ಹೆಚ್ಚಿನ ಖರ್ಚೂ ಬೇಡ, ಕ್ಯಾಂಟೀನಿನ ತಟ್ಟೆಯಲ್ಲೂ ಮಾಡಬಹುದು.

ಕ್ಯಾಂಟೀನಿನದೇ ದೊಡ್ಡ ಪ್ರಶ್ನೆ. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಕ್ಯಾಂಟೀನ್ ಬಂತು, ಆದರೆ ಬೇಕಾದಷ್ಟು ಅನ್ನ, ತೆಳ್ಳಗಿನ ಸಾಂಬಾರು, ಒಂದು ಸೌಟು ಪಲ್ಯ ಎಂಬುದೇ ಬಹಳ ಕಡೆ ಊಟದ ನಮೂನೆಯಾಗಿ ನಿಂತಿತು. ಅನ್ನ ಅಗ್ಗ, ಹೊಟ್ಟೆ ತುಂಬುತ್ತದೆ. ಸಾಂಬಾರಿನ ಬೇಳೆ ಗಟ್ಟಿಯಾಗಿಸಿ, ದಿನಕ್ಕೊಂದು ಕಾಳಿನ ಪಲ್ಯ ಕೊಟ್ಟು, ಚಹಾಕ್ಕೆ ಸಕ್ಕರೆಯನ್ನು ಬೇರೆ ಇಟ್ಟರೆ ಗುತ್ತಿಗೆದಾರನಿಗೆ ಆಗುವ ಹೆಚ್ಚಿನ ವೆಚ್ಚ ಕಾರ್ಮಿಕರ ಗೈರುಹಾಜರಿಯ ನಷ್ಟದ ಮುಂದೆ ಏನೂ ಅಲ್ಲ. ಇದನ್ನು ಕೇಳುವುದು ಕಾರ್ಮಿಕ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಸೇರಬೇಕಾದ ಸಂಗತಿ. ಐಟಿ ಕಂಪನಿಗಳ ವಿಶಾಲ ಫುಡ್ ಕೋರ್ಟುಗಳಲ್ಲಿ ಕೊರತೆಯ ಬದಲು ಅತಿಯ ಸಮಸ್ಯೆಯಿದೆ. ಅಲ್ಲಿ ಎಲ್ಲವೂ ಸಿಗುತ್ತದೆ, ಕೆಲಸದ ಒತ್ತಡದಲ್ಲಿ ಕೈ ಹೋಗುವುದು ಫ್ರೈಡ್ ರೈಸಿಗೆ, ಪಫ್ಸಿಗೆ, ತಂಪು ಪಾನೀಯಕ್ಕೆ.

ಚಹಾದ ಲೆಕ್ಕವನ್ನು ಬಿಡಿಸಿ ಹೇಳಬೇಕು. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ. ಪಾಳಿಯಲ್ಲಿ ನಿದ್ದೆ ತಡೆಯಲು ಆರು ಲೋಟ ಕುಡಿದವರ ಮೈಗೆ ಚಹಾದಿಂದಲೇ 60 ಗ್ರಾಂ ಸಕ್ಕರೆ ಸೇರಿತು. ದಿನಕ್ಕೆ 50 ಗ್ರಾಂ ಮೀರಬಾರದು, 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಎಂಬುದು ಆರೋಗ್ಯವಂತ ವಯಸ್ಕರಿಗೇ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ. ಜೊತೆಗೆ ಬಿಸ್ಕತ್ತು, ಬನ್ನು ಸೇರಿದರೆ ಊಟಕ್ಕೆ ಮೊದಲೇ ದಿನದ ಲೆಕ್ಕ ಮುಗಿಯಿತು. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ರಕ್ತದಲ್ಲಿ ಆಗುವ ಪರಿಣಾಮ ಅದೇ. ಸಕ್ಕರೆಯಿಲ್ಲದ ಚಹಾ ಎರಡು ಮೂರು ವಾರದಲ್ಲಿ ನಾಲಿಗೆಗೆ ಒಗ್ಗುತ್ತದೆ.

ಹಬ್ಬಗಳನ್ನು ನಿಷೇಧಿಸುವ ಸಲಹೆ ನಿಲ್ಲುವುದಿಲ್ಲ. ಆಯುಧಪೂಜೆಯ ದಿನ ಪೀಣ್ಯದ ಪ್ರತಿ ಯಂತ್ರಕ್ಕೂ ಹೂವೇರಿಸಿ ಕಡಲೆಪುರಿ, ಸಿಹಿ ಪೊಟ್ಟಣ ಹಂಚುತ್ತಾರೆ. ಅದನ್ನು ಬೇಡವೆನ್ನುವುದು ಯಾರಿಗೂ ಸುಲಭವಲ್ಲ. ಒಂದು ತುಂಡು ಸಿಹಿಯನ್ನು ಊಟದ ಜೊತೆಗೆ ತಿಂದು, ಆ ಊಟದ ಅನ್ನವನ್ನು ಅರ್ಧಕ್ಕಿಳಿಸಿ, ಉಳಿದ ಪೊಟ್ಟಣವನ್ನು ಹಂಚಿಬಿಟ್ಟರೆ ಆಯಿತು. ಯುಗಾದಿಯ ಹೋಳಿಗೆಗೂ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೂ ಇದೇ ದಾರಿ. ಉಪವಾಸದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಏಕಾದಶಿಗೋ ಶಿವರಾತ್ರಿಗೋ ತಮ್ಮಷ್ಟಕ್ಕೆ ತಾವೇ ಉಪವಾಸ ಕೂರಬಾರದು. ರಂಜಾನ್ ಆಚರಿಸುವವರು ತಿಂಗಳೆರಡು ತಿಂಗಳು ಮೊದಲೇ ವೈದ್ಯರನ್ನು ಕಂಡು ಸಹ್ರಿ ಮತ್ತು ಇಫ್ತಾರ್‌ಗೆ ತಕ್ಕಂತೆ ಔಷಧಿ ಬದಲಿಸಿಕೊಳ್ಳಬೇಕು. ಬೆರಳು ಚುಚ್ಚಿ ಪರೀಕ್ಷಿಸಿಕೊಂಡರೆ ರೋಜಾ ಮುರಿಯುವುದಿಲ್ಲವೆಂಬುದು ವೈದ್ಯರೂ ಧರ್ಮಪಂಡಿತರೂ ಒಪ್ಪಿರುವ ಮಾತು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಉಪವಾಸವನ್ನು ಅಲ್ಲಿಗೇ ಬಿಡಬೇಕು.

ಈ ಕೆಳಗಿಳಿಯುವಿಕೆಯೇ ಕೈಗಾರಿಕಾ ಪ್ರದೇಶದ ಮಧುಮೇಹಿಗಳಿಗೆ ತಕ್ಷಣದ ಅಪಾಯ. ಶುಗರ್ ಲೋ ಆದಾಗ ಕೈ ನಡುಗುತ್ತದೆ, ತಣ್ಣನೆ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. 54ಕ್ಕಿಂತ ಕೆಳಗೆ ಹೋದರೆ ಬುದ್ಧಿ ತಪ್ಪಬಹುದು. ಮೇಜಿನ ಮುಂದೆ ಕೂತವರಿಗೆ ಇದಾದರೆ ತಲೆ ಮೇಜಿಗೆ ಒರಗೀತು. ಪವರ್ ಪ್ರೆಸ್ ಮುಂದೆ ನಿಂತವರಿಗೆ, ಫೋರ್ಕ್‌ಲಿಫ್ಟ್ ಓಡಿಸುವವರಿಗೆ, ಏಣಿಯ ಮೇಲಿರುವವರಿಗೆ, ಮೇಲುಸೇತುವೆಯ ಮೇಲೆ ಕ್ಯಾಬ್ ಓಡಿಸುವವರಿಗೆ ಆದರೆ ಬೆರಳು ಹೋಗಬಹುದು, ಜೀವವೇ ಹೋಗಬಹುದು. ಅಂಥವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಅಥವಾ ಸಕ್ಕರೆಯ ಪೊಟ್ಟಣ ಸದಾ ಇರಬೇಕು. ಲಕ್ಷಣ ಕಂಡ ಕೂಡಲೇ ಯಂತ್ರ ನಿಲ್ಲಿಸಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು ಹದಿನೈದು ನಿಮಿಷ ಕೂರಬೇಕು. ಮತ್ತೆ ಪರೀಕ್ಷಿಸಿ 70 ದಾಟದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಬೇಕು. ಸರಿಯಾದ ಮೇಲೆ ಏನಾದರೂ ತಿನ್ನಬೇಕು. ಚಾಕೊಲೇಟಿನಲ್ಲಿ ಕೊಬ್ಬಿರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ, ತುರ್ತಿಗೆ ಅದು ಆಗದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಖಾಲಿ ಹೊಟ್ಟೆಯಲ್ಲಿ ಮದ್ಯ ಕುಡಿದವರಲ್ಲಿ ಗಂಟೆಗಳ ನಂತರವೂ ಸಕ್ಕರೆ ಕುಸಿಯಬಹುದು, ಬೆವೆತು ತೊದಲುವವರನ್ನು ಅಮಲಿನಲ್ಲಿದ್ದಾರೆಂದು ಬಿಟ್ಟುಬಿಡುವುದು ಆಗಾಗ ಆಗುವ ದುರಂತ.

ಕಾಯಿಲೆಯನ್ನು ಮುಚ್ಚಿಡುವುದರಿಂದ ಈ ಅಪಾಯ ಇಮ್ಮಡಿಯಾಗುತ್ತದೆ. ಓಟಿ ಕೈತಪ್ಪೀತು, ಗುತ್ತಿಗೆ ಮುಂದುವರಿಸದೇ ಇರಬಹುದು ಎಂಬ ಭಯದಿಂದ ಅನೇಕರು ಬಾಯಿ ಬಿಡುವುದಿಲ್ಲ. ಆ ಭಯ ಸುಳ್ಳಲ್ಲ. ಆದರೂ ಪಕ್ಕದ ಯಂತ್ರದ ಒಬ್ಬರಿಗಾದರೂ ವಿಷಯ ಗೊತ್ತಿರಬೇಕು, ಪರ್ಸಿನಲ್ಲಿ ಕಾಯಿಲೆ ಮತ್ತು ಔಷಧಿಯ ಹೆಸರು ಬರೆದ ಚೀಟಿಯಿರಬೇಕು. ಸೂಪರ್‌ವೈಸರುಗಳಿಗೆ ಪ್ರಥಮ ಚಿಕಿತ್ಸೆ ಕಲಿಸುವಾಗ ಬೆಂಕಿ, ಗಾಯಗಳ ಜೊತೆ ಇದನ್ನೂ ಕಲಿಸುವುದು ಆಡಳಿತದ ಹೊಣೆ. ಮಧುಮೇಹವಿದೆಯೆಂದು ಕೆಲಸದಿಂದ ದೂಡುವುದು ಅನ್ಯಾಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿಯುವುದು ಅಪರೂಪ, ಅವರನ್ನು ಯಾವ ಯಂತ್ರದಿಂದಲೂ ದೂರವಿಡಬೇಕಿಲ್ಲ.

ನಿಧಾನವಾಗಿ ಬರುವ ಅಪಾಯಗಳಲ್ಲಿ ಪಾದದ್ದು ಮೊದಲು. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ನರಗಳು ಸೋತು ಪಾದ ಜೋಮು ಹಿಡಿಯುತ್ತದೆ, ಉರಿಯುತ್ತದೆ, ಕೊನೆಗೆ ಏನೂ ಗೊತ್ತಾಗದಂತಾಗುತ್ತದೆ. ಎಂಟು ಹತ್ತು ಗಂಟೆ ಕಾಂಕ್ರೀಟ್ ನೆಲದ ಮೇಲೆ ಗಟ್ಟಿ ಸೇಫ್ಟಿ ಶೂ ಹಾಕಿ ನಿಲ್ಲುವವರ ಕಾಲಿನಲ್ಲಿ ಗುಳ್ಳೆಯೆದ್ದರೂ, ಶೂ ಒಳಗೆ ಲೋಹದ ಚೂರು ಸೇರಿದರೂ ನೋವೇ ಇರುವುದಿಲ್ಲ. ಸಾಕ್ಸಿಗೆ ರಕ್ತ ಅಂಟಿದಾಗಲೇ ತಿಳಿಯುವುದು. ರಕ್ತದೋಟವೂ ಕುಗ್ಗಿದ್ದರೆ ಆ ಗಾಯ ಮಾಯದೆ ಕೀವಾಗಿ, ಬೆರಳನ್ನೋ ಪಾದವನ್ನೋ ತೆಗೆಯುವ ಹಂತಕ್ಕೆ ಹೋಗುತ್ತದೆ. ಇದನ್ನು ತಡೆಯಲು ದಿನಕ್ಕೆ ಎರಡು ನಿಮಿಷ ಸಾಕು. ಕೆಲಸದಿಂದ ಬಂದು ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು, ಕಾಣದಿದ್ದರೆ ಮನೆಯವರಿಂದ ನೋಡಿಸುವುದು. ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಬಹುದು, ಸಂದುಗಳಿಗೆ ಬೇಡ. ಶೂ ಹಾಕುವ ಮುನ್ನ ಒಳಗೆ ಕೈಯಾಡಿಸಿ ಕೊಡವುವುದು. ಹೊಸ ಶೂ ಕೊಳ್ಳುವುದಾದರೆ ಸಂಜೆ, ಕಾಲು ಸ್ವಲ್ಪ ಊದಿರುವ ಹೊತ್ತಿಗೆ. ಕಂಪನಿ ಕೊಡುವ ಶೂ ಬಿಗಿಯಾದರೆ ದೊಡ್ಡ ಅಳತೆಯದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವುದು, ಜೋಮು ಹೋಗಲೆಂದು ಬಿಸಿನೀರಿನಲ್ಲಿ ಕಾಲಿಡುವುದು, ಬೇಸಿಗೆಯಲ್ಲಿ ದೇವಸ್ಥಾನದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದು, ಈ ಮೂರರಿಂದ ಹೋದ ಕಾಲುಗಳು ಬಹಳ. ವರ್ಷಕ್ಕೊಮ್ಮೆ ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯಿಂದ ಪಾದದ ಸ್ಪರ್ಶವನ್ನು ಪರೀಕ್ಷಿಸಬೇಕು.

ಕಣ್ಣು ಮತ್ತು ಮೂತ್ರಪಿಂಡಗಳಿಗೆ ಆಗುವ ಹಾನಿ ಇನ್ನೂ ಗುಟ್ಟಾಗಿ ಬರುತ್ತದೆ. ದೃಷ್ಟಿ ಚೆನ್ನಾಗಿದ್ದಾಗಲೇ ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿಸಿ ಅಕ್ಷಿಪಟಲ ನೋಡಿಸಬೇಕು. ನಗರದೊಳಗೆ ಸರ್ಕಾರಿ ಮಿಂಟೋ ಆಸ್ಪತ್ರೆಯಿದೆ, ವೈಟ್‌ಫೀಲ್ಡ್ ಕಡೆಯವರಿಗೆ ಕುಂದಲಹಳ್ಳಿಯ ಶಂಕರ ಕಣ್ಣಿನ ಆಸ್ಪತ್ರೆ ಹತ್ತಿರ. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುವುದರಿಂದ ಅಂದು ಬೈಕು ಓಡಿಸಬಾರದು. ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆಯೂ ವರ್ಷಕ್ಕೊಮ್ಮೆ ಆಗಬೇಕು. ರಕ್ತದೊತ್ತಡ 130/80ರ ಆಸುಪಾಸಿನಲ್ಲಿರಬೇಕು. ಬೀಡಿ, ಸಿಗರೇಟು, ಗುಟ್ಕಾ ಬಿಡುವುದರಿಂದ ಹೃದಯಕ್ಕೂ ಕಾಲಿಗೂ ಆಗುವ ಲಾಭ ಯಾವ ದುಬಾರಿ ಮಾತ್ರೆಗೂ ಕಡಿಮೆಯಿಲ್ಲ. ಮಧುಮೇಹವಿರುವವರಿಗೆ ಕ್ಷಯ ತಗಲುವ ಸಾಧ್ಯತೆ ಎರಡು ಮೂರು ಪಟ್ಟು ಹೆಚ್ಚು. ಗಾಳಿಯಾಡದ ಕೋಣೆಯಲ್ಲಿ ಆರೇಳು ಮಂದಿ ಮಲಗುವ ಕಡೆ ಎರಡು ವಾರ ಮೀರಿದ ಕೆಮ್ಮನ್ನು ಕಡೆಗಣಿಸುವಂತಿಲ್ಲ.

ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಉತ್ಪಾದನೆಯ ಟಾರ್ಗೆಟ್ಟು ಅವರನ್ನು ಮಿಷನ್ನಿಗೆ ಕಟ್ಟಿಹಾಕುತ್ತದೆ. ಸಕ್ಕರೆ ಏರಿದಾಗ ಮೂತ್ರ ಹೆಚ್ಚು, ಬಾಯಾರಿಕೆ ಹೆಚ್ಚು. ನೀರು ಕುಡಿಯದೆ ತಡೆದುಕೊಂಡರೆ ಮೂತ್ರನಾಳದ ಸೋಂಕು ಮರುಕಳಿಸುತ್ತಲೇ ಇರುತ್ತದೆ. ಇಲ್ಲಿ ರೋಗಿಗೆ ಉಪದೇಶ ಮಾಡಿ ಫಲವಿಲ್ಲ, ಶೌಚಾಲಯಕ್ಕೆ ಹೋಗಿಬರುವ ಹೊತ್ತನ್ನು ಎಣಿಸುವ ಪದ್ಧತಿ ನಿಲ್ಲಬೇಕು. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವರು ಹೆರಿಗೆಯಾದ 6ರಿಂದ 12 ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿ, ಮುಂದೆಯೂ ಮಾಡಿಸುತ್ತಿರಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಗೆ ಹುಟ್ಟಿದ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದಾಗ, ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಎಳೆಯ ವಯಸ್ಸಿಗೇ ಹೆಚ್ಚಿರುವುದು, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕಂಡುಬಂತು. ತಾಯಿಯ ಆರೈಕೆ ಮುಂದಿನ ತಲೆಮಾರಿನ ಆರೈಕೆಯೂ ಹೌದು.

ಮೈಮುರಿದು ದುಡಿಯುವವರಿಗೆ ವ್ಯಾಯಾಮ ಬೇಡವೆಂಬ ಮಾತು ಭಾಗಶಃ ಮಾತ್ರ ನಿಜ. ಮೂಟೆ ಹೊರುವವರಿಗೆ, ಲೋಡಿಂಗ್ ಮಾಡುವವರಿಗೆ ಅದು ಸರಿ, ಅವರಿಗೆ ಬೇಕಿರುವುದು ಕಾಲಿಗೆ ವಿಶ್ರಾಂತಿ. ಒಂದೇ ಕಡೆ ನಿಂತು ಯಂತ್ರ ನೋಡಿಕೊಳ್ಳುವವರಿಗೆ, ಹೊಲಿಗೆ ಮಿಷನ್ನಿಗೆ ಕೂತವರಿಗೆ ಆಯಾಸವಾಗುತ್ತದೆ, ಆದರೆ ಸ್ನಾಯುಗಳು ಸಕ್ಕರೆಯನ್ನು ಸುಡುವಷ್ಟು ಚಲನೆ ಆಗುವುದಿಲ್ಲ. ಕಂಪ್ಯೂಟರ್ ಮುಂದೆ ಕೂತವರ ಮಾತು ಹೇಳಬೇಕಿಲ್ಲ, ಅವರ ದಿನದ ಉಳಿದ ಹೊತ್ತನ್ನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕು ತಿನ್ನುತ್ತದೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನು ಒಟ್ಟಿಗೆ ಹೊಂದಿಸಲಾಗದವರು ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೂ ಊಟದ ಮೇಲಿನ ಏರಿಕೆ ತಗ್ಗುತ್ತದೆ, ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಮೆಟ್ರೊ 2023ರಲ್ಲಿ ವೈಟ್‌ಫೀಲ್ಡಿಗೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೂ ಬಂದ ಮೇಲೆ ನಿಲ್ದಾಣದವರೆಗಿನ ನಡಿಗೆ ಕೆಲವರ ದಿನಚರಿಗೆ ತಾನಾಗಿ ಸೇರಿದೆ. ನಡೆಯಲು ಬಿಡುವ ಪಾದಚಾರಿ ಮಾರ್ಗ ಮಾತ್ರ ಇನ್ನೂ ಬಂದಿಲ್ಲ. ಕುಂದಲಹಳ್ಳಿ ಕೆರೆ, ಕೈಕೊಂಡ್ರಹಳ್ಳಿ ಕೆರೆಗಳ ಏರಿಯಂಥ ಜಾಗಗಳು ಕೈಗಾರಿಕಾ ಬಡಾವಣೆಗಳ ನಡುವೆಯೂ ಬೇಕು.

ಬದುಕನ್ನು ಹೀಗೆ ತಿದ್ದಿಕೊಳ್ಳುವುದರಿಂದ ಏನಾದೀತು ಎಂಬ ಸಂಶಯಕ್ಕೆ ನೆರೆಯ ಚೆನ್ನೈನಲ್ಲಿ ಉತ್ತರ ಸಿಕ್ಕಿದೆ. ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ಡಾ. ಎ. ರಾಮಚಂದ್ರನ್ ತಂಡ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟ ನಡಿಗೆಗಳ ಬದಲಾವಣೆಯೊಂದೇ ಕಾಯಿಲೆಗೆ ಜಾರುವ ಅಪಾಯವನ್ನು ಶೇ. 28.5ರಷ್ಟು ತಗ್ಗಿಸಿತು. ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇ. 26.4. ಕಾಯಿಲೆ ಬಂದಾದವರಿಗೆ ಮಾತ್ರೆಯ ಬದಲು ನಡಿಗೆ ಎಂದು ಇದರರ್ಥವಲ್ಲ. ಯಾರದೋ ಮಾತು ಕೇಳಿ ಕಷಾಯ ಹಿಡಿದು ಇನ್ಸುಲಿನ್ ಬಿಟ್ಟವರು ತುರ್ತು ಘಟಕ ಸೇರುವುದು ಇಂದಿಗೂ ನಿಂತಿಲ್ಲ. ಒಂದನೇ ಬಗೆಯ ಮಧುಮೇಹದಲ್ಲಂತೂ ಇನ್ಸುಲಿನ್ನೇ ಉಸಿರು.

ಇನ್ಸುಲಿನ್ ಇಡುವ ಜಾಗ ಪಿಜಿಗಳಲ್ಲಿ ತಲೆನೋವು. ತೆರೆಯದ ಸೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿ ಇಟ್ಟರೆ ಕೆಡುತ್ತದೆ. ಬಳಸುತ್ತಿರುವುದನ್ನು ನೆರಳಿನಲ್ಲಿ, ಕೋಣೆಯ ತಂಪಿನಲ್ಲಿ ಸುಮಾರು ನಾಲ್ಕು ವಾರ ಇಡಬಹುದು, ಫ್ರಿಜ್ ಇಲ್ಲದವರಿಗೆ ನೀರು ತುಂಬಿದ ಮಣ್ಣಿನ ಮಡಕೆಯ ತಂಪು ನೆರವಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಬೈಕಿನ ಡಿಕ್ಕಿಯಲ್ಲಿ ಇಟ್ಟು ಕೆಲಸಕ್ಕೆ ಹೋದರೆ ಔಷಧಿಯ ಗುಣ ಹೋಗುತ್ತದೆ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಗುರುತು ಬರೆದು ಬೇರೆಯಾಗಿ ಕೊಡಬೇಕು. ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಅದು ಚುಚ್ಚಬಾರದು. ಗ್ಲೂಕೋಮೀಟರಿನ ಪಟ್ಟಿಗಳು ದುಬಾರಿಯಾದ್ದರಿಂದ ದಿನವೂ ಗೊತ್ತುಗುರಿಯಿಲ್ಲದೆ ಚುಚ್ಚಿಕೊಳ್ಳುವ ಬದಲು ಪಾಳಿ ಬದಲಾದ ವಾರ, ಹೊಸ ಮಾತ್ರೆ ಶುರುವಾದ ವಾರ, ಜ್ವರ ಬಂದ ದಿನಗಳಲ್ಲಿ ನೋಡಿಕೊಂಡು ಪುಸ್ತಕದಲ್ಲಿ ಬರೆದಿಡುವುದು ಉಪಯುಕ್ತ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೆಚ್ಚು ಸಲ ಬೇಕಾಗುತ್ತದೆ. ಜ್ವರ, ವಾಂತಿ ಬಂದಾಗ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು, ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಮಾಡಿಕೊಳ್ಳಬೇಕು.

ದಿನವೂ ಇಷ್ಟೆಲ್ಲ ಮಾಡುತ್ತ ಮನಸ್ಸು ದಣಿಯುವುದು ಸಹಜ, ಅದನ್ನು ಸೋಮಾರಿತನವೆಂದು ಬೈಯುವುದು ಕ್ರೌರ್ಯ. ಮನಸ್ಸು ಕುಸಿದವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಖರ್ಚಿನ ವಿಷಯಕ್ಕೆ ಬಂದರೆ, ತಿಂಗಳಿಗೆ ₹21,000ದವರೆಗೆ ಸಂಬಳವಿರುವವರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆಂದು 2017ರಲ್ಲಿ ನಿಗದಿಯಾಯಿತು. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯಿದೆ, ರಾಜಾಜಿನಗರದಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜಿದೆ. ಔಷಧಿ ಉಚಿತ, ವೈದ್ಯರ ಪ್ರಮಾಣಪತ್ರವಿದ್ದರೆ ರಜೆಯ ದಿನಗಳಿಗೆ ಸಂಬಳದ ಶೇ. 70ರಷ್ಟು ಭತ್ಯೆಯೂ ಸಿಗುತ್ತದೆ. ಸಂಬಳ ಆ ಗೆರೆಯನ್ನು ಸ್ವಲ್ಪ ದಾಟಿದವರ ಪಾಡು ಕಷ್ಟ. ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಕೊಡುತ್ತದೆ, ತಿಂಗಳ ಮಾತ್ರೆಯ ಖರ್ಚನ್ನಲ್ಲ. ಅಂಥವರಿಗೆ ಜನೌಷಧಿ ಕೇಂದ್ರಗಳು ಆಸರೆ, ಹಳೆಯ ಮೆಟ್‌ಫಾರ್ಮಿನ್ ಅಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ.

30 ವರ್ಷ ದಾಟಿದ ಎಲ್ಲರಿಗೂ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಮಾಡುವುದು ಅಸಾಂಕ್ರಾಮಿಕ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಹಳ್ಳಿಯ ಮನೆಬಾಗಿಲಿಗೆ ಈ ತಪಾಸಣೆಯನ್ನು ಒಯ್ಯುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿತು. ನಗರದಲ್ಲಿ ವಾರ್ಡುಗಳ ನಮ್ಮ ಕ್ಲಿನಿಕ್‌ಗಳಿವೆ. ಅಲ್ಲಿ ವಿಳಾಸದ ದಾಖಲೆಗಾಗಲಿ ಸಂಬಳದ ಚೀಟಿಗಾಗಲಿ ಕಾಯದೆ ಬಾಡಿಗೆ ಕೋಣೆಯ ವಲಸೆ ಕಾರ್ಮಿಕರನ್ನೂ ನೋಡಬೇಕು. ರಾತ್ರಿ ಪಾಳಿಯವರು ಹಗಲಿನಲ್ಲಿ ಅಲ್ಲಿಗೆ ಹೋಗಿ ರಕ್ತ ಕೊಡಬಹುದು. ತಪಾಸಣೆಯೂ ಅಲ್ಲಿ ಕೊಡುವ ಮಾತ್ರೆಯೂ ಉಚಿತ.